ಸಾಲನ್ನು ಒತ್ತಿದರೆ ಓಗೊಡುವವರು ಯಾರು?

1996ರ ಮಾರ್ಚ್‌ನಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ 2.0 ಬ್ರೌಸರ್ ಹೊರಬಂದಾಗ ಅದರೊಳಗೆ ಜಾವಾಸ್ಕ್ರಿಪ್ಟ್ ಎಂಬ ಹೊಸ ಭಾಷೆಯಿತ್ತು. ಅದರ ಮೊದಲ ರೂಪವನ್ನು ಬ್ರೆಂಡನ್ ಐಕ್ ಹಿಂದಿನ ವರ್ಷ ಹತ್ತೇ ದಿನಗಳಲ್ಲಿ ಬರೆದಿದ್ದರು. ಬಳಕೆದಾರ ಮೌಸ್ ಒತ್ತಿದ್ದನ್ನು ಪುಟವೇ ಗುರುತಿಸಿ, ಸರ್ವರಿನ ಹಂಗಿಲ್ಲದೆ ಏನಾದರೂ ಮಾಡುವುದು ಅಲ್ಲಿಂದ ಸಾಧ್ಯವಾಯಿತು. ಆದರೆ ಆ ಒತ್ತು ತಿಳಿಯುತ್ತಿದ್ದುದು ಲಿಂಕುಗಳಿಗೆ, ಬಟನ್‌ಗಳಿಗೆ, ಚೆಕ್‌ಬಾಕ್ಸ್‌ನಂಥ ಫಾರ್ಮ್‌ ಭಾಗಗಳಿಗೆ ಮಾತ್ರ. ಕೋಷ್ಟಕದ ಸಾಲಿಗೆ ಕಿವಿಯೇ ಇರಲಿಲ್ಲ.

ಆ ಕಾಲಕ್ಕೆ ಅದು ಸಹಜವೇ. ವೆಬ್‌ನ ಕೋಷ್ಟಕ ಹುಟ್ಟಿದ್ದು ಅಂಕಿಅಂಶಗಳನ್ನು ಅಚ್ಚುಕಟ್ಟಾಗಿ ಜೋಡಿಸಿ ತೋರಿಸಲು. 1996ರ ಮೇ ತಿಂಗಳಲ್ಲಿ ಡೇವ್ ರ‍್ಯಾಗೆಟ್ ಬರೆದ ಕೋಷ್ಟಕದ ನಿರೂಪಣೆಯಲ್ಲಿ ಗೆರೆ, ಅಂಚು, ಕಾಲಂ ಅಗಲ ಇವುಗಳದ್ದೇ ಹೆಚ್ಚಿನ ಚರ್ಚೆ. ಒಂದು ಬಿಲ್ಲಿನ ವಿವರ ತೆರೆಯಬೇಕೆಂದರೆ ಪ್ರೋಗ್ರಾಮರುಗಳು ಮೊದಲ ಕಾಲಮ್ಮಿನ ಬಿಲ್ ನಂಬರಿಗೆ ಲಿಂಕ್ ಕೊಟ್ಟು ಸುಮ್ಮನಾಗುತ್ತಿದ್ದರು.

1997ರಲ್ಲಿ ಚಿತ್ರ ಬದಲಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಬಂದ, ವೆಬ್ ಪುಟ ಬರೆಯುವ ಭಾಷೆಯ ಆವೃತ್ತಿ ಎಚ್‌ಟಿಎಂಎಲ್ 4.0, ಸಾಲೂ ಸೇರಿದಂತೆ ಪುಟದ ಬಹುತೇಕ ಎಲ್ಲ ಭಾಗಗಳಿಗೂ ಕ್ಲಿಕ್ ಅನ್ನು ಗಮನಿಸುವ ಹಕ್ಕು ಕೊಟ್ಟಿತು. ಜೊತೆಗೆ ಒಂದು ಜಗಳವೂ ಹುಟ್ಟಿತ್ತು. ಸಾಲಿನೊಳಗಿನ ಒಂದು ಮನೆಯನ್ನು, ಅಂದರೆ ಸೆಲ್ಲನ್ನು, ಒತ್ತಿದರೆ ಆ ಸುದ್ದಿ ಮೊದಲು ಯಾರಿಗೆ ಹೋಗಬೇಕು? ಮೈಕ್ರೋಸಾಫ್ಟ್‌ನ ಎಕ್ಸ್‌ಪ್ಲೋರರ್ 4 ಬ್ರೌಸರಿನಲ್ಲಿ ಅದು ನೀರಿನ ತಳದಿಂದೇಳುವ ಗುಳ್ಳೆಯಂತೆ ಮನೆಯಿಂದ ಸಾಲಿಗೆ, ಸಾಲಿನಿಂದ ಕೋಷ್ಟಕಕ್ಕೆ, ಅಲ್ಲಿಂದ ಇಡೀ ಪುಟಕ್ಕೆ ಏರುತ್ತಿತ್ತು. ನೆಟ್‌ಸ್ಕೇಪ್ 4ರದ್ದು ತದ್ವಿರುದ್ಧ: ಮೇಲಿರುವ ವಿಂಡೋ ಮೊದಲು ಹಿಡಿದು ಕೆಳಕ್ಕೆ ಬಿಡುತ್ತಿತ್ತು.

2000ದ ನವೆಂಬರಿನಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಇಬ್ಬರನ್ನೂ ಒಪ್ಪಿಸುವ ತೀರ್ಮಾನ ಕೊಟ್ಟಿತು. ಸುದ್ದಿ ಮೊದಲು ಮೇಲಿನಿಂದ ಇಳಿಯಲಿ, ಒತ್ತಿದ ಜಾಗ ಮುಟ್ಟಲಿ, ಮತ್ತೆ ಮೇಲಕ್ಕೇರಲಿ. ತೀರ್ಮಾನವೇನೋ ಆಯಿತು, ಆದರೆ ಎಕ್ಸ್‌ಪ್ಲೋರರ್ ಅದನ್ನು ಪಾಲಿಸಿದ್ದು 2011ರಲ್ಲಿ, ತನ್ನ ಒಂಬತ್ತನೇ ಆವೃತ್ತಿಯಲ್ಲಿ. ನಡುವಿನ ಹತ್ತು ವರ್ಷಗಳ ಕಾಲ ಒಂದೇ ಕೆಲಸಕ್ಕೆ ಎರಡೆರಡು ಬಗೆಯ ಕೋಡ್ ಬರೆಯುವ ಹೊರೆ ಪ್ರೋಗ್ರಾಮರುಗಳ ತಲೆಯ ಮೇಲೆಯೇ ಉಳಿಯಿತು.

ಸಾಲಿನ ಸಮಸ್ಯೆ ಎಷ್ಟು ಸೂಕ್ಷ್ಮವೆಂದು ಎಲ್ಲರ ಕಣ್ಣಿಗೂ ಬಿದ್ದದ್ದು 2004ರ ಏಪ್ರಿಲ್‌ನಲ್ಲಿ, ಜಿಮೇಲ್ ಬಂದಾಗ. ಇನ್‌ಬಾಕ್ಸಿನ ಒಂದು ಸಾಲನ್ನು ನೋಡಿ. ವಿಷಯದ ಮೇಲೆ ಒತ್ತಿದರೆ ಪತ್ರ ತೆರೆಯುತ್ತದೆ. ನಕ್ಷತ್ರದ ಮೇಲೆ ಒತ್ತಿದರೆ ಅದಷ್ಟೇ ಹಳದಿಯಾಗುತ್ತದೆ. ಚೆಕ್‌ಬಾಕ್ಸ್ ಒತ್ತಿದರೆ ಪತ್ರ ಆಯ್ಕೆಯಾಗುತ್ತದೆ, ತೆರೆಯುವುದಿಲ್ಲ. ಒಂದೇ ಸಾಲಿನಲ್ಲಿ ಒಂದೇ ಕ್ಲಿಕ್‌ಗೆ ಮೂರು ಅರ್ಥ. ನಕ್ಷತ್ರದ ಕ್ಲಿಕ್ ಮೇಲೇರಿ ಸಾಲನ್ನು ಮುಟ್ಟಿದರೆ ಬೇಡದ ಪತ್ರ ತೆರೆದುಕೊಂಡೀತು. ಆದ್ದರಿಂದ ಇಂಥ ಕೋಷ್ಟಕ ಕಟ್ಟುವವರು ಸುದ್ದಿಯನ್ನು ದಾರಿಯಲ್ಲೇ ತಡೆಯಬೇಕು, ಇಲ್ಲವೇ ಅದು ಹೊರಟಿದ್ದು ಎಲ್ಲಿಂದ ಎಂದು ವಿಚಾರಿಸಿ ಮುಂದುವರಿಯಬೇಕು.

ಇನ್ನೊಂದು ತೊಡಕು ಸಂಖ್ಯೆಯದು. ಸಾವಿರ ಸಾಲುಗಳಿದ್ದರೆ ಕ್ಲಿಕ್ ಗಮನಿಸುವ ಫಂಕ್ಷನ್ನನ್ನು ಸಾವಿರ ಕಡೆ ಕಾವಲು ಕೂರಿಸುವುದೇ? ಎಕ್ಸ್‌ಪ್ಲೋರರ್ 6ರಲ್ಲಿ ಹೀಗೆ ಕಟ್ಟಿದ ಫಂಕ್ಷನ್‌ಗಳು ಪುಟ ಮುಚ್ಚಿದ ಮೇಲೂ ಮೆಮೊರಿ ಬಿಟ್ಟುಕೊಡದೆ ಕಂಪ್ಯೂಟರನ್ನು ನಿಧಾನಗೊಳಿಸಿದ್ದುಂಟು. ಅದಕ್ಕಿಂತ ಕಾಡಿದ್ದು ಎರಡನೇ ಪುಟದ ಕಾಟ. ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಜನಪ್ರಿಯ ಪ್ಲಗಿನ್ ಡೇಟಾಟೇಬಲ್ಸ್‌ನಲ್ಲಿ ಮೊದಲ ಹತ್ತು ಸಾಲುಗಳ ಕ್ಲಿಕ್ ಸರಿಯಾಗಿ ನಡೆಯುತ್ತಿತ್ತು. "ಮುಂದೆ" ಒತ್ತಿ ಹನ್ನೊಂದನೇ ಸಾಲಿಗೆ ಹೋದರೆ ಸದ್ದೇ ಇಲ್ಲ. ಕಾವಲು ಕೂರಿಸುವ ಹೊತ್ತಿಗೆ ಆ ಸಾಲು ಪುಟದಲ್ಲಿ ಇರಲೇ ಇಲ್ಲ ಎಂಬುದು ಹೊಳೆಯುವವರೆಗೆ ಹೊಸಬರು ಕೋಡ್ ತಿರುವಿ ತಿರುವಿ ಸೋಲುತ್ತಿದ್ದರು.

ಪರಿಹಾರ ಮೈಕ್ರೋಸಾಫ್ಟ್‌ನ ಹಳೆಯ ಏರುದಾರಿಯಲ್ಲೇ ಇತ್ತು. ಸಾಲುಗಳನ್ನು ಬಿಟ್ಟು ಕೋಷ್ಟಕಕ್ಕೆ ಒಂದೇ ಕಾವಲು ಹಾಕುವುದು. ಮೇಲೇರಿ ಬಂದ ಕ್ಲಿಕ್ ಯಾವ ಸಾಲಿನದೆಂದು ಅಲ್ಲಿ ಪತ್ತೆ ಹಚ್ಚುವುದು. ಹೀಗಾದರೆ ನಾಳೆ ಸೇರುವ ಸಾಲಿಗೂ ಕೋಷ್ಟಕವೇ ಓಗೊಡುತ್ತದೆ. ಜಾನ್ ರೆಸಿಗ್ 2006ರಲ್ಲಿ ಹೊರತಂದ ಜೆಕ್ವೆರಿಗೆ ಈ ಸೌಲಭ್ಯ 2009ರ ಜನವರಿಯಲ್ಲಿ ಬಂತು, 2011ರ ನವೆಂಬರಿನಲ್ಲಿ ಈಗಿನ ರೂಪ ಪಡೆಯಿತು. ಕೋಷ್ಟಕ ಕಟ್ಟುವವರಿಗೆ ಇದು ದೊಡ್ಡ ಉಪಕಾರವಾಯಿತು. 2013ರಲ್ಲಿ ಬಂದ ರಿಯಾಕ್ಟ್ ಲೈಬ್ರರಿ ಇದೇ ಉಪಾಯವನ್ನು ಒಳಗೇ ಅಡಗಿಸಿಕೊಂಡಿತು.

ಇಷ್ಟೆಲ್ಲ ಮೌಸ್ ಹಿಡಿದವರ ಕಥೆ. ಕಣ್ಣು ಕಾಣದವರು, ಕೈ ನಡುಗುವವರು ಕೀಬೋರ್ಡನ್ನೇ ನಂಬುತ್ತಾರೆ. ಟ್ಯಾಬ್ ಒತ್ತಿದರೆ ಲಿಂಕಿಗೆ ಹೋಗಬಹುದು, ಬಟನ್‌ಗೆ ಹೋಗಬಹುದು. ಸಾಲಿನ ಮೇಲೆ ಅದು ತಾನಾಗಿ ನಿಲ್ಲುವುದಿಲ್ಲ. ಸಾಲಿಡೀ ಕ್ಲಿಕ್ ಆಗುವಂತೆ ಮಾಡಿ, ಒಳಗಿನ ಲಿಂಕ್ ತೆಗೆದುಹಾಕಿದ ತಂಡಗಳು ಇವರ ಪಾಲಿಗೆ ಬಾಗಿಲನ್ನೇ ಮುಚ್ಚಿದವು. ಇದು ಸಣ್ಣ ಲೋಪವಲ್ಲ. ಬಾಣದ ಕೀಲಿಗಳಿಂದ ಮನೆಯಿಂದ ಮನೆಗೆ ಸರಿಯುವ ಕೋಷ್ಟಕಕ್ಕೆ ಡಬ್ಲ್ಯು3ಸಿ ಇಂಥವರಿಗಾಗಿ ರೂಪಿಸಿದ ಏರಿಯಾ (ARIA) ಮಾನದಂಡದಲ್ಲಿ ಅಧಿಕೃತ ಜಾಗ ಸಿಕ್ಕಿದ್ದು 2014ರಲ್ಲಿ. ಆದರೆ ಬಾಣದ ಈ ದಾರಿ ಹೊಸದೇನಲ್ಲ. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ 1979ರಲ್ಲೇ ಆಪಲ್ 2 ಕಂಪ್ಯೂಟರಿಗಾಗಿ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ಮಾಡಿದಾಗ ಆ ಯಂತ್ರದಲ್ಲಿ ಎಡಕ್ಕೊಂದು, ಬಲಕ್ಕೊಂದು, ಎರಡೇ ಬಾಣಗಳಿದ್ದವು. ಸ್ಪೇಸ್‌ಬಾರ್ ಒತ್ತಿ ಅವೇ ಎರಡನ್ನು ಮೇಲೆ ಕೆಳಗೆ ಓಡುವಂತೆ ಮಾಡಿ, ಅವರು ಸಾಲಿನಿಂದ ಸಾಲಿಗೆ ದಾರಿ ಕೊಟ್ಟಿದ್ದರು.