ವ್ಯಾಪಾರಿಗಳ ಬರವಣಿಗೆ: ದಣಿಯದೆ ಮುಂದುವರಿಸುವ ಬಗೆ ಹೇಗೆ?

ಬೆಂಗಳೂರು: ಜಯನಗರ ನಾಲ್ಕನೇ ಬ್ಲಾಕಿನ ಸೀರೆ ಅಂಗಡಿಯಿಂದ ಬಿಟಿಎಂ ಬಡಾವಣೆಯ ಯೋಗಶಾಲೆಯವರೆಗೆ, ನಗರದ ದಕ್ಷಿಣ ಭಾಗದ ಸಣ್ಣ ವ್ಯಾಪಾರಿಗಳಿಗೆ ಈಗ ಎರಡನೆಯ ಉದ್ಯೋಗವೊಂದು ಅಂಟಿಕೊಂಡಿದೆ. ಅದು ಬರವಣಿಗೆ. ಬೆಳಿಗ್ಗೆ ವಾಟ್ಸ್‌ಆ್ಯಪ್ ಸ್ಟೇಟಸ್, ಮಧ್ಯಾಹ್ನ ಇನ್‌ಸ್ಟಾಗ್ರಾಂ ರೀಲ್ಸ್, ವಾರಕ್ಕೊಮ್ಮೆ ಜಾಲತಾಣಕ್ಕೊಂದು ಲೇಖನ. ಇವೆಲ್ಲಕ್ಕೂ ಉದ್ಯಮದ ಪರಿಭಾಷೆಯಲ್ಲಿ ‘ಕಂಟೆಂಟ್’ ಎಂದು ಹೆಸರು. ಸುದ್ದಿಮನೆಯವರ ಮಾತಿನಲ್ಲಿ ಹೇಳುವುದಾದರೆ, ಸರಕು. ಗಲ್ಲಾಪೆಟ್ಟಿಗೆ ನೋಡಿಕೊಳ್ಳುತ್ತಲೇ ಈ ಸರಕನ್ನೂ ದಿನವೂ ಒದಗಿಸಲು ಹೊರಟವರು ಮೊದಲ ತಿಂಗಳು ಉತ್ಸಾಹದಿಂದ, ಎರಡನೆಯ ತಿಂಗಳು ಹಟದಿಂದ ಬರೆದು, ಮೂರನೆಯ ತಿಂಗಳಿಗೆ ಕೈಚೆಲ್ಲುವುದು ಸಾಮಾನ್ಯ. ಕೈಚೆಲ್ಲದೆ ಉಳಿದವರು ರಾತ್ರಿ ಹನ್ನೊಂದಕ್ಕೆ ಮೊಬೈಲ್ ಹಿಡಿದು ‘ನಾಳೆಗೆ ಏನು?’ ಎಂದು ಯೋಚಿಸುತ್ತಿರುತ್ತಾರೆ.

ಇದಕ್ಕೆ ಸಿಗುವ ಸಲಹೆಗಳೆಲ್ಲ ಬಹುತೇಕ ಒಂದೇ ಬಗೆಯವು. ವೇಳಾಪಟ್ಟಿ ಮಾಡಿಕೊಳ್ಳಿ, ಬೇಗ ಏಳಿ, ಶಿಸ್ತು ಬೆಳೆಸಿಕೊಳ್ಳಿ! ತಪ್ಪಲ್ಲ; ಆದರೆ ಮೂಲ ತೊಡಕನ್ನು ಅವು ಮುಟ್ಟುವುದಿಲ್ಲ. ಮರುದಿನವೇ ಹಳತಾಗುವ ಸರಕನ್ನು ಎಷ್ಟು ಶಿಸ್ತಿನಿಂದ ತಯಾರಿಸಿದರೂ ಮರುದಿನ ಮತ್ತೆ ಮೊದಲಿನಿಂದಲೇ ಆರಂಭಿಸಬೇಕು. ಇದೇ ದಕ್ಷಿಣ ಬೆಂಗಳೂರಿನಲ್ಲಿ ಬೇರೊಂದು ದಾರಿ ಹಿಡಿದ ಸಂಸ್ಥೆಯ ಉದಾಹರಣೆ ಕಣ್ಣೆದುರಿಗಿದೆ.

ಜೆ.ಪಿ. ನಗರದ ಪಾಠಮಾಲೆ

ಷೇರು ದಲ್ಲಾಳಿ ಸಂಸ್ಥೆ ಜೆರೋಧಾದ ಕೇಂದ್ರ ಕಚೇರಿ ಇರುವುದು ಜೆ.ಪಿ. ನಗರದಲ್ಲಿ. ಸಹೋದರರಾದ ನಿತಿನ್ ಕಾಮತ್ ಮತ್ತು ನಿಖಿಲ್ ಕಾಮತ್ 2010ರ ಆಗಸ್ಟ್ 15ರಂದು ಇದನ್ನು ಆರಂಭಿಸಿದರು. ‘ಜೀರೋ’ ಮತ್ತು ಸಂಸ್ಕೃತದ ‘ರೋಧ’ ಸೇರಿ ಆದ ಹೆಸರಿದು. ತಡೆಯೇ ಇಲ್ಲ ಎಂಬ ಅರ್ಥ. ಜಾಹೀರಾತಿಗೆ ಹಣ ಸುರಿಯದೆ ಬೆಳೆದದ್ದು ಎಂದೇ ಸಂಸ್ಥೆಗೆ ಖ್ಯಾತಿ. ಪ್ರತಿ ವಹಿವಾಟಿಗೆ ಗರಿಷ್ಠ 20 ರೂಪಾಯಿ ಎಂಬ ಅಗ್ಗದ ಶುಲ್ಕ ಬೆಳವಣಿಗೆಗೆ ದೊಡ್ಡ ಕಾರಣ ಎಂಬುದನ್ನು ಮರೆಯುವಂತಿಲ್ಲ. ಆದರೆ ಗ್ರಾಹಕರ ವಿಶ್ವಾಸ ಗಳಿಸಿಕೊಟ್ಟದ್ದರಲ್ಲಿ ಬರವಣಿಗೆಯ ಪಾಲೂ ಚಿಕ್ಕದಲ್ಲ.

ಆ ಬರವಣಿಗೆಯ ಹೆಸರು ‘ವಾರ್ಸಿಟಿ’. ಕಾರ್ತಿಕ್ ರಂಗಪ್ಪ ಅವರ ನೇತೃತ್ವದಲ್ಲಿ 2014ರಲ್ಲಿ ಆರಂಭವಾದ ಈ ಪಾಠಮಾಲೆಯನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಷೇರುಪೇಟೆಯ ಪರಿಚಯದಿಂದ ಆರಂಭಿಸಿ ತಾಂತ್ರಿಕ ವಿಶ್ಲೇಷಣೆ, ಕಂಪನಿಗಳ ಮೂಲಭೂತ ವಿಶ್ಲೇಷಣೆ, ಫ್ಯೂಚರ್ಸ್, ಆಪ್ಷನ್ಸ್, ತೆರಿಗೆ ಎಂದು ಒಂದೊಂದು ವಿಷಯಕ್ಕೂ ಒಂದೊಂದು ಸಂಪುಟ, ಸಂಪುಟಕ್ಕೆ ಹಲವು ಅಧ್ಯಾಯ. ಇಂದಿನ ಸೂಚ್ಯಂಕ ಏರಿತೇ, ಇಳಿಯಿತೇ ಎಂಬ ಗೊಡವೆ ಇಲ್ಲಿಲ್ಲ.

ಈ ರಚನೆಯಲ್ಲೇ ಗುಟ್ಟಿದೆ. ಪಠ್ಯಪುಸ್ತಕ ಬರೆಯುವವನಿಗೆ ‘ಇಂದು ಏನು ಬರೆಯಲಿ’ ಎಂಬ ಪ್ರಶ್ನೆ ಏಳುವುದೇ ಇಲ್ಲ. ಐದನೆಯ ಅಧ್ಯಾಯ ಮುಗಿದರೆ ಆರನೆಯದು ಕಾದಿರುತ್ತದೆ. ಬರೆಯುವುದಕ್ಕಿಂತ ಹೆಚ್ಚು ಸುಸ್ತು ತರುವುದು ವಿಷಯ ಹುಡುಕುವ ಈ ನಿತ್ಯದ ತಡಕಾಟ. ಮೇಲಾಗಿ, ವರ್ಷಗಳ ಹಿಂದೆ ಬರೆದ ಅಧ್ಯಾಯ ಇಂದು ಮೊದಲ ಬಾರಿ ಷೇರು ಕೊಳ್ಳುವವನಿಗೂ ಹೊಸತೇ.

ಅಂಗಡಿಯ ಮಟ್ಟದಲ್ಲಿ ಲೆಕ್ಕ ಹಾಕಿ ನೋಡಬಹುದು. ದಿನಕ್ಕೊಂದು ‘ಶುಭೋದಯ’ ಚಿತ್ರ ಹಾಕುವವನು ವರ್ಷಕ್ಕೆ 365 ಚಿತ್ರ ತಯಾರಿಸುತ್ತಾನೆ; ವರ್ಷಾಂತ್ಯಕ್ಕೆ ಉಪಯೋಗಕ್ಕೆ ಬರುವುದು ಒಂದೂ ಇಲ್ಲ. ‘ಅಪ್ಪಟ ರೇಷ್ಮೆಯನ್ನು ಗುರುತಿಸುವುದು ಹೇಗೆ’, ‘ಜರಿ ಸೀರೆಯನ್ನು ಮಡಿಸಿಡುವುದು ಹೇಗೆ’ ಎಂದು ಹದಿನೈದು ದಿನಕ್ಕೊಂದು ಬರೆಯುವವನದು ವರ್ಷಕ್ಕೆ ಇಪ್ಪತ್ತಾರೇ ಲೇಖನ. ಎರಡು ವರ್ಷಕ್ಕೆ ಐವತ್ತೆರಡು. ಮಾಲೀಕ ಊರಿಗೆ ಹೋದಾಗಲೂ ಅವು ಕೆಲಸ ಮಾಡುತ್ತಲೇ ಇರುತ್ತವೆ.

ಬಾಳಿಕೆಯ ಬರಹಕ್ಕೂ ಆಗಾಗ್ಗೆ ರಿಪೇರಿ ಬೇಕು. ಷೇರು ಮಾರಿದ ಹಣ ಎರಡು ದಿನಕ್ಕೆ ಬದಲಾಗಿ ಒಂದೇ ದಿನದಲ್ಲಿ ಇತ್ಯರ್ಥವಾಗುವ ಪದ್ಧತಿ 2023ರ ಜನವರಿಯಲ್ಲಿ ದೇಶದಲ್ಲಿ ಪೂರ್ಣವಾಗಿ ಜಾರಿಗೆ ಬಂದಾಗ ಹಳೆಯ ಪಾಠಗಳನ್ನು ತಿದ್ದಲೇಬೇಕಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೋ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಮೇಲೆ, ‘ನಮ್ಮ ಅಂಗಡಿಗೆ ಬರುವ ದಾರಿ’ ಎಂಬ ಪುಟವನ್ನು ಬಿಟಿಎಂ ಬಡಾವಣೆಯ ವ್ಯಾಪಾರಿ ತಿದ್ದಬೇಕಾದಂತೆಯೇ ಇದೂ. ಹತ್ತು ನಿಮಿಷದ ಕೆಲಸ. ಹೊಸ ಲೇಖನ ಹೊಳೆಯದ ವಾರದಲ್ಲಿ ಹಳೆಯದೊಂದನ್ನು ತಿದ್ದಿದರೂ ನಿರಂತರತೆಗೆ ಭಂಗವಿಲ್ಲ.

ದಿನನಿತ್ಯದ ಬರವಣಿಗೆಯೇ ಕೂಡದು ಎಂದಲ್ಲ. ಜೆರೋಧಾ ಕೂಡ ‘ದಿ ಡೈಲಿ ಬ್ರೀಫ್’ ಎಂಬ ನಿತ್ಯದ ವಿಶ್ಲೇಷಣೆಯನ್ನು 2024ರಲ್ಲಿ ಆರಂಭಿಸಿತು. ಆದರೆ ಅದು ಬಂದದ್ದು ಪಾಠಮಾಲೆಗೆ ಹತ್ತು ವರ್ಷ ತುಂಬಿದಾಗ, ಒಬ್ಬರ ಬದಲು ತಂಡವೊಂದು ದುಡಿಯುವ ಶಕ್ತಿ ಬಂದ ಮೇಲೆ. ಒಬ್ಬನೇ ನಡೆಸುವ ಅಂಗಡಿ ನಿತ್ಯದ ಬರಹದಿಂದಲೇ ಶುರುಮಾಡುವುದು ಈ ಕ್ರಮವನ್ನು ತಲೆಕೆಳಗಾಗಿಸಿದಂತೆ.

ಪುತ್ತೂರಿನ ಲೇಖನಿ

ಬರೆಯುವ ಅಭ್ಯಾಸವೇ ಇಲ್ಲದವರ ಗತಿ ಏನು? ಉತ್ತರಕ್ಕೆ ಬೆಂಗಳೂರು ಬಿಟ್ಟು ದಕ್ಷಿಣ ಕನ್ನಡದ ಪುತ್ತೂರಿಗೆ ಹೋಗಬೇಕು. ಅಲ್ಲಿಂದ 1988ರಲ್ಲಿ ‘ಅಡಿಕೆ ಪತ್ರಿಕೆ’ ಎಂಬ ಮಾಸಿಕ ಹೊರಟಿತು. ಪತ್ರಕರ್ತ, ಕೃಷಿಕ ಶ್ರೀ ಪಡ್ರೆ ಅದರ ಹಿಂದಿನ ಪ್ರಮುಖ ಶಕ್ತಿ. ರೈತರ ಕೈಗೆ ಲೇಖನಿ ಎಂಬುದು ಪತ್ರಿಕೆಯ ಧೋರಣೆ. ತೋಟದಲ್ಲಿ ದುಡಿಯುವವರೇ ತಮ್ಮ ಅನುಭವ ಬರೆಯಬೇಕು. ಬರೆಯಲು ಬಾರದಿದ್ದರೆ ಕಲಿಸಬೇಕು ಎಂದು ಕೃಷಿಕರಿಗಾಗಿಯೇ ಬರವಣಿಗೆಯ ಶಿಬಿರಗಳೂ ನಡೆದವು.

ಹೀಗೆ ಭಾರ ಹಂಚಿಹೋದಾಗ ಯಾರೊಬ್ಬರ ಹೆಗಲೂ ಕುಸಿಯುವುದಿಲ್ಲ. ಬನಶಂಕರಿಯ ಪೀಠೋಪಕರಣದ ಅಂಗಡಿಯೊಂದರಲ್ಲಿ ಮರದ ಗುಣ ಬಲ್ಲವನು ಬಡಗಿ, ಗ್ರಾಹಕರ ಅನುಮಾನಗಳನ್ನು ಬಲ್ಲವನು ಕೌಂಟರಿನ ಹುಡುಗ. ‘ತೇಗಕ್ಕೂ ಹೊನ್ನೆಗೂ ಏನು ವ್ಯತ್ಯಾಸ?’ ಎಂದು ಗ್ರಾಹಕರು ಮತ್ತೆ ಮತ್ತೆ ಕೇಳುತ್ತಿದ್ದರೆ ಲೇಖನದ ಶೀರ್ಷಿಕೆ ಸಿದ್ಧವಾದಂತೆ. ಬಡಗಿಯ ಬಾಯಿಂದ ಬಂದ ಉತ್ತರವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಆಮೇಲೆ ಬರೆದಿಟ್ಟರೆ ಒಡಲೂ ಸಿದ್ಧ. ಕೌಂಟರಿನ ಮೇಲೊಂದು ನೋಟುಪುಸ್ತಕ ಇಟ್ಟು ಬಂದ ಪ್ರಶ್ನೆಗಳನ್ನೆಲ್ಲ ಗೀಚಿಡುವುದು ಖರ್ಚಿಲ್ಲದ ಉಪಾಯ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ನಂತರ ಯಂತ್ರದಿಂದ ಲೇಖನ ಬರೆಸುವುದು ಸುಲಭವಾಗಿದೆ, ನಿಜ. ಆದರೆ ಬಡಗಿಗೆ ಮಾತ್ರ ಗೊತ್ತಿರುವುದನ್ನು ಯಂತ್ರ ಎಲ್ಲಿಂದ ತಂದೀತು?

ಬಿಡುವಿನ ಪಂಚಾಂಗ

ಪ್ರತಿ ವ್ಯಾಪಾರಕ್ಕೂ ಒಂದು ಸುಗ್ಗಿ, ಒಂದು ಬಿಡುವು ಇರುತ್ತದೆ. ವಾರಕ್ಕೆ ಇಂತಿಷ್ಟು ಎಂದು ವರ್ಷವಿಡೀ ಒಂದೇ ಅಳತೆ ಇಟ್ಟುಕೊಳ್ಳುವವರು ಎಡವುವುದು ಇಲ್ಲಿಯೇ. ಮದುವೆ ಛತ್ರದವರಿಗೂ ಅಡುಗೆ ಗುತ್ತಿಗೆದಾರರಿಗೂ ಆಷಾಢ ಮತ್ತು ಧನುರ್ಮಾಸ ಬಿಡುವಿನ ಕಾಲ. ಬರೆದು ಕೂಡಿಡಲು ಸುಸಮಯ. ಸೀರೆ ಅಂಗಡಿಗೆ ಅದೇ ಆಷಾಢ ರಿಯಾಯಿತಿ ಮಾರಾಟದ ಗಡಿಬಿಡಿ, ಬೆನ್ನಿಗೇ ವರಮಹಾಲಕ್ಷ್ಮಿ ಹಬ್ಬ. ಆದಾಯ ತೆರಿಗೆ ವಿವರ ಸಲ್ಲಿಕೆಯ ದಿನಗಳಲ್ಲಿ ಲೆಕ್ಕ ಪರಿಶೋಧಕರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಮನೆಪಾಠದವರಿಗೆ ಪರೀಕ್ಷೆಗೆ ಮುಂಚಿನ ತಿಂಗಳುಗಳು ಹಾಗೆಯೇ. ಸುಗ್ಗಿಯಲ್ಲಿ ಹೊಸದಾಗಿ ಬರೆಯದೆ, ಬಿಡುವಿನಲ್ಲಿ ಬರೆದಿಟ್ಟದ್ದನ್ನು ಒಂದೊಂದಾಗಿ ಹೊರಬಿಟ್ಟರೆ ಸಾಕು.

ನಡುವೆ ನಿಂತರೆ ಓದುಗರು ಮರೆಯುತ್ತಾರೆ ಎಂಬ ಭಯ ಹಲವರಿಗಿದೆ. ಫ್ರಾನ್ಸಿನ ಟೈರು ಕಂಪನಿ ಮಿಶೆಲಿನ್ ವಾಹನ ಸವಾರರಿಗಾಗಿ ಮೊದಲ ಕೈಪಿಡಿ ಹೊರತಂದದ್ದು 1900ರಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಪ್ರಕಟಣೆ ನಿಂತುಹೋಗಿ ಮತ್ತೆ ಆರಂಭವಾಯಿತು. ಇಂದು ಟೈರು ಕೊಳ್ಳದವರಿಗೂ ಅದರ ಹೆಸರು ಗೊತ್ತು.

ದಣಿವಿನ ಗುರುತು

ದುಡಿಮೆಯಿಂದ ಬರುವ ಈ ದಣಿವಿಗೆ ‘ಬರ್ನ್‌ಔಟ್’ ಎಂಬ ಹೆಸರು ಮನಃಶಾಸ್ತ್ರದಲ್ಲಿ ಬಳಕೆಗೆ ಬರಲು ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅವರ 1974ರ ಲೇಖನ ಕಾರಣವಾಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎಂದಲ್ಲ, ಉದ್ಯೋಗ ಸಂಬಂಧಿ ವಿದ್ಯಮಾನ ಎಂದು ವಿವರಿಸಿತು. ಲಕ್ಷಣಗಳು ಮೂರು: ಶಕ್ತಿಯೆಲ್ಲ ಬತ್ತಿದ ಅನುಭವ, ಕೆಲಸದ ಬಗ್ಗೆ ತಿರಸ್ಕಾರ ಅಥವಾ ದೂರಭಾವ, ಮಾಡಿದ್ದು ಫಲಕಾರಿಯಲ್ಲ ಎಂಬ ಭಾವನೆ. ಒಂದು ರಾತ್ರಿಯ ನಿದ್ದೆಯಿಂದ ಹೋಗುವ ಆಯಾಸ ಇದಲ್ಲ.

ಜೆರೋಧಾ ಕಚೇರಿಯೂ ಇದಕ್ಕೆ ಹೊರತಾಗಿರಲಿಲ್ಲ. ಕೊರೊನಾ ಕಾಲದಲ್ಲಿ ನೌಕರರು ಮನೆಯಿಂದಲೇ ದುಡಿದು ಬಸವಳಿದಾಗ, ಸಂಜೆ ಆರರ ನಂತರ ಮತ್ತು ರಜಾದಿನಗಳಲ್ಲಿ ಕಚೇರಿ ಕೆಲಸದ ಸಂದೇಶಗಳು ಬೇಡ ಎಂಬ ನಿಯಮ ತರಲಾಯಿತು. ಸ್ವತಃ ನಿತಿನ್ ಕಾಮತ್ ತಮಗೆ ಲಘು ಪಾರ್ಶ್ವವಾಯು ತಗಲಿದ್ದನ್ನು 2024ರ ಫೆಬ್ರವರಿಯಲ್ಲಿ ಬಹಿರಂಗಪಡಿಸಿದರು. ತಂದೆಯ ಅಗಲಿಕೆ, ನಿದ್ದೆಯ ಕೊರತೆ, ಬಳಲಿಕೆ, ಅತಿಯಾದ ವ್ಯಾಯಾಮ ಮೊದಲಾದವು ಸಂಭವನೀಯ ಕಾರಣಗಳೆಂದು ಅವರೇ ಹೇಳಿಕೊಂಡರು. ಇದಕ್ಕೆ ಯಾವುದೋ ಒಂದೇ ಕಾರಣ ಹಚ್ಚುವುದು ಸರಿಯಲ್ಲ. ವ್ಯಾಯಾಮ ಮಾಡುವ ಆರೋಗ್ಯವಂತರಿಗೂ ಬಳಲಿಕೆಯ ಲೆಕ್ಕ ತಪ್ಪಬಹುದು ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಮೊಬೈಲ್ ಕೆಳಗಿಡಲಾಗದ ಸ್ಥಿತಿ ತಲುಪಿದವರಿಗೆ ನೆರವು ದಕ್ಷಿಣ ಬೆಂಗಳೂರಿನಲ್ಲೇ ಇದೆ. ತಂತ್ರಜ್ಞಾನದ ಅತಿಬಳಕೆಯಿಂದ ಬಳಲುವವರಿಗಾಗಿ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಕ್ಲಿನಿಕ್ ಆರಂಭಿಸಿತು. ಸಂಸ್ಥೆಯ ಯೋಗಕ್ಷೇಮ ಕೇಂದ್ರ ಬಿಟಿಎಂ ಬಡಾವಣೆಯಲ್ಲಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.