ಬೆಳಗೊಳದ ಉಪವಾಸ, ಮೊಂಸೆಗೂರಿನ ಬೆಂಕಿ: ರಾಜಾ ರಾವ್ ಮತ್ತು ಕ್ಯಾಥರರು

1908ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ಎಂದೊಡನೆ ನಮಗೆ ನೆನಪಾಗುವುದು ಅವರ ಕಾದಂಬರಿ ‘ಕಾಂತಾಪುರ’. ಹೇಮಾವತಿ ಹೊಳೆ, ಊರದೇವತೆ ಕೆಂಚಮ್ಮ, ಗಾಂಧಿಯ ಹೆಸರು ಹೇಳಿ ಎದ್ದು ನಿಂತ ಒಂದು ಹಳ್ಳಿ. 1960ರಲ್ಲಿ ಬಂದ ‘ದಿ ಸರ್ಪೆಂಟ್ ಅಂಡ್ ದಿ ರೋಪ್’ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರೂ ನಮ್ಮ ಕಡೆ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಅದರ ನಾಯಕ ರಾಮಸ್ವಾಮಿ ಮೈಸೂರು ಸೀಮೆಯ ಬ್ರಾಹ್ಮಣ. ದಕ್ಷಿಣ ಫ್ರಾನ್ಸಿನಲ್ಲಿ ಕೂತು ಅವನು ಸಂಶೋಧಿಸುವುದು ಚರ್ಚು ಧರ್ಮದ್ರೋಹಿಯೆಂದ ಮಧ್ಯಯುಗದ ಕ್ರೈಸ್ತ ಕ್ಯಾಥರ್ ಪಂಥವನ್ನು. ಬಲ್ಗೇರಿಯಾದ ಬೊಗೊಮಿಲ್ ಪಂಥದವರ ಮೂಲಕ ಹಿಂದಕ್ಕೆ ಹೋದರೆ ಅದರ ಬೇರು ಭಾರತದಲ್ಲಿ, ಜೈನರಲ್ಲೋ ಬೌದ್ಧರಲ್ಲೋ ಸಿಕ್ಕೀತೆಂಬುದು ಅವನ ಊಹೆ. ಶ್ರವಣಬೆಳಗೊಳವನ್ನು ಚನ್ನರಾಯಪಟ್ಟಣ ತಾಲೂಕಿನಲ್ಲಿ ಇಟ್ಟುಕೊಂಡ ನಾವು ಈ ಊಹೆಯನ್ನು ಕಾದಂಬರಿಯ ಅಲಂಕಾರವೆಂದು ಬಿಟ್ಟುಬಿಡುವಂತಿಲ್ಲ.

ಊಹೆ ಎಲ್ಲಿಂದ ಬಂತು? ರಾಜಾ ರಾವ್ 1929ರಲ್ಲಿ ಓದಲು ಹೋದ ಮಾಂಪೆಲಿಯೆ ನಗರವಿರುವುದು ಕ್ಯಾಥರರ ಸೀಮೆಯಾದ ಲಾಂಗ್‌ದಾಕ್‌ನಲ್ಲೇ. 1931ರಲ್ಲಿ ಅವರು ಮದುವೆಯಾದ ಕಮಿಲ್ ಮೂಲಿ ಅಲ್ಲಿ ಫ್ರೆಂಚ್ ಅಧ್ಯಾಪಕಿ. ಸ್ವತಃ ರಾಜಾ ರಾವ್ ಸಾರ್‌ಬಾನ್‌ನಲ್ಲಿ ಕೈಗೆತ್ತಿಕೊಂಡದ್ದು ಐರಿಷ್ ಸಾಹಿತ್ಯದ ಮೇಲಿನ ಭಾರತದ ಪ್ರಭಾವವನ್ನು. ಯೂರೋಪಿನ ಅಂಚಿನಲ್ಲಿ ಭಾರತದ ಹೆಜ್ಜೆ ಹುಡುಕುವ ಚಾಳಿ ಲೇಖಕನಿಂದಲೇ ನಾಯಕನಿಗೆ ಇಳಿದು ಬಂದಿದೆ. ಕಾಲವೂ ಕೂಡಿಬಂದಿತ್ತು. 1933ರಲ್ಲಿ ಜರ್ಮನಿಯ ಒಟ್ಟೊ ರಾನ್ ಕ್ಯಾಥರರ ಕೋಟೆ ಮೊಂಸೆಗೂರನ್ನು ಪವಿತ್ರ ಗ್ರೇಲ್ ಪಾತ್ರೆಗೆ ಗಂಟುಹಾಕಿದ; ಕಾದಂಬರಿಯಲ್ಲಿ ಗ್ರೇಲ್ ಹುಚ್ಚು ಹಿಡಿದಿರುವುದು ರಾಮಸ್ವಾಮಿಯ ಹೆಂಡತಿ ಮಡಲೀನಳಿಗೆ. ಕ್ಯಾಥರರ ನಾಡಿನ ಅಳಿದ ನಾಗರಿಕತೆಯ ಬಗ್ಗೆ ಫ್ರೆಂಚ್ ಚಿಂತಕಿ ಸಿಮೋನ್ ವೇಲ್ ಬರೆದದ್ದು 1943ರಲ್ಲಿ ಅಚ್ಚಾಯಿತು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಗೂಢಜ್ಞಾನವೇ ಬಿಡುಗಡೆಯ ದಾರಿಯೆಂದ ಗ್ನಾಸ್ಟಿಕ್ ಪಂಥಗಳ ಹಸ್ತಪ್ರತಿಗಳು ಸಿಕ್ಕವು. 1947ರಲ್ಲಿ ಇತಿಹಾಸಕಾರ ಸ್ಟೀವನ್ ರನ್ಸಿಮನ್ ಗ್ನಾಸ್ಟಿಕರಿಂದ ಪರ್ಷಿಯಾದ ಪ್ರವಾದಿ ಮಾನಿ, ಬೊಗೊಮಿಲರ ದಾರಿಯಾಗಿ ಕ್ಯಾಥರರವರೆಗೆ ಒಂದು ಸರಪಳಿ ಹೆಣೆದ. ರಾಮಸ್ವಾಮಿ ಅದರ ಹಿಂದುಗಡೆಯ ತುದಿಗೆ ಭಾರತದ ಕೊಂಡಿ ಸೇರಿಸಲು ಹೊರಟವನು.

ಹೋಲಿಕೆಗಳು ಕಣ್ಣಿಗೆ ಹೊಡೆಯುವಂತಿವೆ. ಕ್ಯಾಥರರಲ್ಲಿ ದೀಕ್ಷೆ ಪಡೆದ ‘ಪರಿಪೂರ್ಣರು’ ಮಾಂಸ, ಮೊಟ್ಟೆ, ಹಾಲು ಮುಟ್ಟುತ್ತಿರಲಿಲ್ಲ (ಮೀನು ಮಾತ್ರ ನಡೆಯುತ್ತಿತ್ತು). ಕೊಲ್ಲುವುದು ನಿಷಿದ್ಧ, ಬ್ರಹ್ಮಚರ್ಯ ಕಡ್ಡಾಯ, ಪುನರ್ಜನ್ಮದಲ್ಲಿ ನಂಬಿಕೆ. ತಲೆಯ ಮೇಲೆ ಸುವಾರ್ತೆಯ ಪುಸ್ತಕವಿಟ್ಟು ಕೈಯಿಟ್ಟು ಕೊಡುವ ದೀಕ್ಷೆಯನ್ನು ಸಾಯುವ ಹೊತ್ತಿನಲ್ಲಿ ಪಡೆದ ಕೆಲವರು ಆಮೇಲೆ ಅನ್ನಾಹಾರ ಬಿಟ್ಟೇ ಪ್ರಾಣ ಬಿಡುತ್ತಿದ್ದರು. ಅದರ ಹೆಸರು ‘ಎಂದುರಾ’. ನಮಗೆ ತಟ್ಟನೆ ಜೈನರ ಸಲ್ಲೇಖನ ನೆನಪಾಗುತ್ತದೆ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಗಂಧವಾರಣ ಬಸದಿಯ ಶಾಸನವನ್ನೇ ನೋಡಬಹುದು. ವಿಷ್ಣುವರ್ಧನನ ರಾಣಿ ಶಾಂತಲೆ ಕಟ್ಟಿಸಿದ ಬಸದಿ ಅದು. ಆಕೆ ತೀರಿಕೊಂಡ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು, ಅರೆಮುಚ್ಚಿದ ಕಣ್ಣಿನಲ್ಲಿ ಪಂಚಪದ ಜಪಿಸುತ್ತ, ಬಂಧುಗಳನ್ನು ಬೀಳ್ಕೊಟ್ಟು, ಗುರುಗಳ ಎದುರಿನಲ್ಲಿ ದೇಹ ಬಿಟ್ಟಳೆಂದು ಕಲ್ಲು ಹೇಳುತ್ತದೆ.  ಇದು 12ನೆಯ ಶತಮಾನದ ಮಾತು; ಲಾಂಗ್‌ದಾಕ್‌ನಲ್ಲಿ ಕ್ಯಾಥರರು ಬಲಗೊಂಡ ಶತಮಾನವೂ ಅದೇ.

ಆದರೆ ಉಪವಾಸದ ಹಿಂದಿನ ತತ್ತ್ವವನ್ನು ಕೆದಕಿದರೆ ಹೋಲಿಕೆ ಅಲ್ಲಿಗೇ ಮುರಿದುಬೀಳುತ್ತದೆ. ಗ್ನಾಸ್ಟಿಕರಿಗೂ ಅವರ ಹಾದಿಯ ಕ್ಯಾಥರರಿಗೂ ಈ ಲೋಕ ಒಬ್ಬ ಕೇಡಿಗ ಕರ್ತೃವಿನ ಕೈಕೆಲಸ, ದೇಹ ಅವನು ಹೂಡಿದ ಸೆರೆ. ಜೈನರಿಗೆ ಕರ್ತೃವೇ ಇಲ್ಲ. ಒಳ್ಳೆಯವನೂ ಇಲ್ಲ, ಕೆಟ್ಟವನೂ ಇಲ್ಲ. ಜೀವವನ್ನು ಕಟ್ಟಿಹಾಕಿರುವುದು ಅದು ತಾನೇ ಅಂಟಿಸಿಕೊಂಡ ಕರ್ಮ. ಸಲ್ಲೇಖನ ಮುಪ್ಪು, ಬರ, ವಾಸಿಯಾಗದ ರೋಗ ಬಂದಾಗ ಗುರುವಿನ ಅಪ್ಪಣೆ ಪಡೆದು ಹಂತಹಂತವಾಗಿ ಕೈಗೊಳ್ಳುವ ವ್ರತ. ಎಂದುರಾ, ಪಡೆದ ದೀಕ್ಷೆ ಕೆಡದಿರಲೆಂಬ ಆತಂಕದ ಕೂಸು. ಚರಿತ್ರೆಯಲ್ಲಿ ಸಿಗುವ ಭಾರತದ ಕೊಂಡಿಯೂ ಒಂದೇ: 3ನೆಯ ಶತಮಾನದಲ್ಲಿ ಮಾನಿ ಸಿಂಧೂ ಕಡೆಗೆ ಬಂದು ಹೋದದ್ದು. ಅಲ್ಲಿಂದ ಬೆಳಗೊಳಕ್ಕೆ ದಾರಿಯಿಲ್ಲ. ಸಾಲದ್ದಕ್ಕೆ ರನ್ಸಿಮನ್‌ನ ಸರಪಳಿಯನ್ನೇ ಈಚಿನ ಇತಿಹಾಸಕಾರರಾದ ಆರ್. ಐ. ಮೂರ್, ಮಾರ್ಕ್ ಪೆಗ್ ಒಪ್ಪುವುದಿಲ್ಲ. ಕ್ಯಾಥರ್ ಎಂಬ ವ್ಯವಸ್ಥಿತ ಪಂಥವನ್ನು ಚರ್ಚಿನ ಪರವಾಗಿ ವಿಚಾರಣೆ ಮಾಡಿದವರೇ ಬಹುಪಾಲು ಕಟ್ಟಿದರೆಂದು ಅವರ ವಾದ.

ಅವರ ಅನುಮಾನಕ್ಕೆ ಆಧಾರವಿದೆ. ಪೋಪ್ ಮೂರನೆಯ ಇನ್ನೊಸೆಂಟ್ ಕ್ಯಾಥರರ ಮೇಲೆ ಸಾರಿದ ಧರ್ಮಯುದ್ಧ 1209ರಲ್ಲಿ ಬೆಜಿಯೆ ಊರಿನ ಕಗ್ಗೊಲೆಯಿಂದ ಶುರುವಾಯಿತು. 1244ರ ಮಾರ್ಚ್ 16ರಂದು ಮೊಂಸೆಗೂರಿನ ಬುಡದಲ್ಲಿ 200ಕ್ಕೂ ಹೆಚ್ಚು ಜನರನ್ನು ಸುಟ್ಟರು. ಕ್ಯಾಥರರ ಬಗ್ಗೆ ನಾವು ತಿಳಿದಿರುವುದರಲ್ಲಿ ಬಹುಪಾಲು, ಮುಂದೆ ಪೋಪ್ ಆದ ಪಾಮಿಯೆಯ ಬಿಷಪ್ ಜಾಕ್ ಫೂರ್ನಿಯೆ 1318ರಿಂದ 1325ರವರೆಗೆ ಬರೆಸಿದಂಥ ವಿಚಾರಣಾ ದಾಖಲೆಗಳಿಂದ ಬಂದದ್ದು. ಮಾಚಿಕಬ್ಬೆಯ ಸಾವನ್ನು ಆಕೆಯನ್ನು ಗೌರವಿಸಿದವರು ಕಲ್ಲಿನಲ್ಲಿ ಕೊರೆಸಿದರು. ಹೋಲಿಸುವಾಗ ಈ ಅಂತರವನ್ನು ಮೊದಲು ಲೆಕ್ಕಕ್ಕೆ ಹಿಡಿಯಬೇಕು.

ಪ್ರಬಂಧವಾಗಿ ರಾಮಸ್ವಾಮಿಯ ಊಹೆ ನಿಲ್ಲುವುದಿಲ್ಲ. ಕಾದಂಬರಿಯಾಗಿ ಅದಕ್ಕೆ ಬೇರೆಯೇ ಬಲವಿದೆ. ಕ್ಯಾಥರರ ವಿಷಯ ಬರೆಯುವವನು ರಾಮಸ್ವಾಮಿ. ದೇಹವನ್ನು ದೂರವಿಟ್ಟು, ಬೌದ್ಧ ವ್ರತ ಹಿಡಿದು, ಕ್ಯಾಥರರಂತೆ ಬದುಕತೊಡಗುವವಳು ಮಡಲೀನ್. ಅವನು ಕೊನೆಗೆ ತಿರುವಾಂಕೂರಿನ ಗುರುವಿನ ಕಡೆಗೆ, ಶಂಕರರ ಹಗ್ಗ-ಹಾವಿನ ಅದ್ವೈತಕ್ಕೆ ಹೊರಳುತ್ತಾನೆ. ಪಶ್ಚಿಮದ ಗೂಢ ಅಧ್ಯಾತ್ಮವನ್ನು ರಾಜಾ ರಾವ್ ಯಾವಾಗಲೂ ಮೆಚ್ಚಿ ನೋಡಿದವರಲ್ಲ: ಅವರ ಇನ್ನೊಂದು ಕಾದಂಬರಿ ‘ಕಾಮ್ರೇಡ್ ಕಿರಿಲೋವ್’ನ ನಾಯಕ ಥಿಯಾಸಫಿ ಸಾರಲು ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಭ್ರಮನಿರಸನಗೊಂಡು, ಕಮ್ಯುನಿಸ್ಟ್ ಆಗುತ್ತಾನೆ.

ಕನ್ನಡದ ಸಂಶೋಧಕರು ಬೆಳಗೊಳದ ಸಲ್ಲೇಖನ ಶಾಸನಗಳನ್ನೂ ಫೂರ್ನಿಯೆಯ ದಾಖಲೆಯನ್ನೂ ಎದುರುಬದುರು ಇಟ್ಟುಕೊಂಡು ಓದಬೇಕು. ಯಾರು ಯಾರಿಂದ ಕಲಿತರು ಎನ್ನುವುದಕ್ಕಲ್ಲ, ಸಾವನ್ನು ಯಾರು ಯಾತಕ್ಕೆ ಬರೆದಿಟ್ಟರು ಎನ್ನುವುದಕ್ಕೆ.