ಕಮೋಡ್ ಬದಲಾವಣೆ

ಮನೆಯ ಶೌಚಾಲಯದಲ್ಲಿ ಹಳೆಯ ಪಿಂಗಾಣಿ ಬೇಸಿನ್ ಕಿತ್ತು ಹೊಸದನ್ನು ಕೂರಿಸುವ ಕೆಲಸ. ಕರ್ನಾಟಕದ ಮನೆಗಳಲ್ಲಿ ಇದಕ್ಕೆ ಕಾರಣ ಸಾಮಾನ್ಯವಾಗಿ ಎರಡು: ಹಳೆಯದು ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಮಂಡಿನೋವಿನ ಹಿರಿಯರಿಗೆ ಕುಕ್ಕರುಗಾಲಿನಲ್ಲಿ ಕೂರಲು ಆಗುತ್ತಿರುವುದಿಲ್ಲ. ಕಮೋಡ್ ಎಂಬ ಪದಕ್ಕೆ ಫ್ರೆಂಚಿನಲ್ಲಿ ಸೆಳೆಖಾನೆಗಳ ಗಿಡ್ಡ ಬೀರು ಎಂಬ ಅರ್ಥವಿದೆ.

ಅಳತೆ: ಬಣ್ಣ, ಬೆಲೆ ಆಮೇಲಿನ ಮಾತು. ಮಲದ ಪೈಪು ನೆಲಕ್ಕೆ ಇಳಿದಿದ್ದರೆ ಎಸ್-ಟ್ರ್ಯಾಪ್ ಬೇಕು, ಹಿಂದಿನ ಗೋಡೆಯೊಳಕ್ಕೆ ಹೋಗಿದ್ದರೆ ಪಿ-ಟ್ರ್ಯಾಪ್. ಟ್ರ್ಯಾಪ್ ಎಂದರೆ ನೀರು ನಿಲ್ಲುವ ಬಾಗು. ಎಸ್-ಟ್ರ್ಯಾಪಿನಲ್ಲಿ ಟೈಲ್ಸ್ ಹಾಕಿದ ಗೋಡೆಯಿಂದ ನೆಲದ ತೂತಿನ ನಡುವಿಗೆ ಇರುವ ದೂರವೇ ನಿರ್ಣಾಯಕ. ಭಾರತದ ಮಾರುಕಟ್ಟೆಯಲ್ಲಿ ಇದು ಬಹುತೇಕ 100, 220 ಅಥವಾ 300 ಮಿ.ಮೀ.; ಪ್ಲಂಬರುಗಳ ಬಾಯಲ್ಲಿ ನಾಲ್ಕು, ಒಂಬತ್ತು, ಹನ್ನೆರಡು ಇಂಚು. ಹಳೆಯ ಟೈಲ್ಸ್ ಮೇಲೆಯೇ ಹೊಸದನ್ನು ಅಂಟಿಸಿದರೆ ಈ ದೂರ ಒಂದೆರಡು ಬೆರಳಿನಷ್ಟು ಕುಗ್ಗಬಹುದು, ಆಗ ಟ್ಯಾಂಕು ಗೋಡೆಗೆ ತಗಲುತ್ತದೆ.

ವಾಟರ್ ಸೀಲ್: ಕಮೋಡಿನ ಮುಖ್ಯ ಭಾಗ ಕಣ್ಣಿಗೆ ಬೀಳದ ಈ ಟ್ರ್ಯಾಪಿನ ಬಾಗು. 1596ರಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಂಗ್ಟನ್ ನೀರು ಸುರಿದು ತೊಳೆಯುವ ಶೌಚವನ್ನು ವರ್ಣಿಸಿದನಾದರೂ ದುರ್ವಾಸನೆ ಮರಳಿ ಬರುವುದನ್ನು ತಡೆಯುವ ಬಾಗು ಅದರಲ್ಲಿರಲಿಲ್ಲ. 1775ರಲ್ಲಿ ಸ್ಕಾಟ್ಲೆಂಡ್ ಮೂಲದ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಪೈಪನ್ನು ಎಸ್ ಅಕ್ಷರದಂತೆ ಬಗ್ಗಿಸಿ ಪೇಟೆಂಟ್ ಪಡೆದ. ಬಾಗಿನಲ್ಲಿ ನಿಂತ ನೀರೇ ವಾಸನೆಗೆ ಬಾಗಿಲಾಯಿತು. ಆದರೂ ಬೋಗುಣಿಯ ತಳದಲ್ಲಿ ಆತ ಜಾರುವ ಕವಾಟವೊಂದನ್ನು ಉಳಿಸಿಕೊಂಡಿದ್ದ. 1778ರಲ್ಲಿ ಜೋಸೆಫ್ ಬ್ರಾಮಾ ಅದರ ಜಾಗಕ್ಕೆ ಕೀಲುಳ್ಳ ಮುಚ್ಚಳ ತಂದ. ಇಂದಿನ ಕಮೋಡಿನಲ್ಲಿ ಕವಾಟವೇ ಇಲ್ಲ, ಸುಮಾರು 50 ಮಿ.ಮೀ. ಆಳದ ನೀರಷ್ಟೇ. ಕಡಿಮೆ ನೀರಿಗೆಂದು ರೂಪಿಸಿದ ಸುಲಭ್ ಮಾದರಿಯ ಬೇಸಿನ್ನಿನಲ್ಲಿ ಅದು 20 ಮಿ.ಮೀ.; ಒಂದೂವರೆ ಎರಡು ಲೀಟರು ಸುರಿದರೆ ಸಾಕು.

ಬಾಗಿನಲ್ಲಿ ನಿಂತ ಈ ನೀರು ಎರಡು ರೀತಿಯಲ್ಲಿ ಖಾಲಿಯಾಗುತ್ತದೆ. ಬೇಸಗೆ ರಜೆಗೆ ಬೀಗ ಹಾಕಿದ ಮನೆಯಲ್ಲಿ ಆರಿಹೋಗುತ್ತದೆ. ಮೇಲಿನ ಮಹಡಿಯ ನೀರು ಒಮ್ಮೆಲೇ ಇಳಿದಾಗ ಪೈಪಿನ ಗಾಳಿಯೊಂದಿಗೆ ಸೆಳೆದುಕೊಂಡೂ ಹೋಗುತ್ತದೆ. ತಾರಸಿಯಲ್ಲಿ ಬಾಯಿ ತೆರೆದು ನಿಂತ ಗಾಳಿಕೊಳವೆ ಇರುವುದು ಈ ಸೆಳೆತ ತಪ್ಪಿಸಲೆಂದೇ. ನಾತವೆಂದು ಅದನ್ನು ಮುಚ್ಚಿದ ಮನೆಗಳಲ್ಲಿ ಹೊಸ ಕಮೋಡೂ ಗುಳುಗುಳು ಎನ್ನುತ್ತದೆ. ದೂರು ಮಾತ್ರ ಕಮೋಡಿನ ಮೇಲೆ.

ಜೋಡಣೆ: ಟ್ಯಾಂಕಿಗೆ ನೀರು ಬಿಡುವ ಆಂಗಲ್ ಕಾಕ್ ಮುಚ್ಚಿ, ಟ್ಯಾಂಕು ಬರಿದುಮಾಡಿ, ಬುಡದ ಬಿಳಿ ಸಿಮೆಂಟನ್ನು ಉಳಿಯಿಂದ ಬಿಡಿಸಬೇಕು. ಬೇಸಿನ್ ಎತ್ತಿದ ಕೂಡಲೇ ಪೈಪಿನ ಬಾಯಿಗೆ ಹಳೆಬಟ್ಟೆ ತುರುಕುವುದು ರೂಢಿ: ವಾಸನೆಯೂ ನಿಲ್ಲುತ್ತದೆ, ಸಿಮೆಂಟಿನ ಚೂರೂ ಒಳಕ್ಕೆ ಬೀಳುವುದಿಲ್ಲ. ಬಟ್ಟೆಯ ತುದಿ ಹೊರಗೆ ಕಾಣುವಂತಿರಲಿ. ಮರೆತು ಹೊಸದನ್ನು ಕೂರಿಸಿದರೆ ಮತ್ತೆ ಕೀಳಬೇಕು. ಬಳಿಕ ರಸಮಟ್ಟ ಇಟ್ಟು ನೋಡಿ, ರಬ್ಬರ್ ಕನೆಕ್ಟರ್ ತೊಡಿಸಿ, ಸ್ಕ್ರೂಗಳನ್ನು ಎರಡೂ ಕಡೆ ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆ ಬಿಗಿದರೆ ಪಿಂಗಾಣಿ ಸೀಳುತ್ತದೆ.

ಕುಕ್ಕರುಗಾಲಿನ ಇಂಡಿಯನ್ ಬೇಸಿನ್ನಿನ ಜಾಗದಲ್ಲಿ ಕಮೋಡ್ ಕೂರಿಸುವಾಗ ಟ್ರ್ಯಾಪ್ ನೆಲದಡಿಯಲ್ಲಿರುವುದರಿಂದ ಅಗೆಯುವುದು ಬಹುಮಟ್ಟಿಗೆ ಅನಿವಾರ್ಯ. ಮಹಡಿಯ ಮನೆಯಾದರೆ ತಗ್ಗಿಸಿದ ಸ್ಲ್ಯಾಬಿನ ನೀರುತಡೆ ಲೇಪಕ್ಕೆ ಪೆಟ್ಟು ಬಿದ್ದು ಕೆಳಮನೆಯ ಚಾವಣಿ ಒದ್ದೆಯಾಗಬಹುದು.

ಪರೀಕ್ಷೆ: ಬುಡದ ಸುತ್ತ ಒಣ ಪತ್ರಿಕೆ ಹಾಸಿ ನಾಲ್ಕೈದು ಸಲ ಫ್ಲಷ್ ಮಾಡಿದರೆ ಸೋರಿಕೆ ತಿಳಿಯುತ್ತದೆ. ಟ್ಯಾಂಕಿಗೆ ಬಟ್ಟೆಯ ನೀಲಿ ಹಾಕಿ ಅರ್ಧ ಗಂಟೆ ಬಿಟ್ಟಾಗ ಬೇಸಿನ್ನಿಗೆ ಬಣ್ಣ ಇಳಿದಿದ್ದರೆ ವಾಷರ್ ಸರಿಯಾಗಿ ಕೂತಿಲ್ಲ. ಬೋರ್‌ವೆಲ್ಲಿನ ಗಡಸು ನೀರಿನ ಊರುಗಳಲ್ಲಿ ವಾಷರಿಗೆ ಸುಣ್ಣ ಕಟ್ಟಿಯೂ ಹೀಗಾಗುತ್ತದೆ.